ಟೇಬಲ್ ಅಂಕಿಅಂಶ ಕೊಡುವ ಟೂಲ್‌ಗೆ ಎಐ ಏಜೆಂಟ್ ಓದುವ ವಿವರಣೆ ಬರೆಯುವುದು ಹೇಗೆ?

ಪ್ರಶ್ನೆ: ನಮ್ಮ ಪೋಸ್ಟ್‌ಗ್ರೆಸ್ 16 ಡೇಟಾಬೇಸ್‌ಗೆ ಎಐ ಏಜೆಂಟ್ ಬಳಸಲೆಂದು ‘ಟೇಬಲ್_ಸ್ಟ್ಯಾಟ್ಸ್’ ಎಂಬ ಎಂಸಿಪಿ (ಎಐ ಮಾಡೆಲ್‌ಗೆ ಹೊರಗಿನ ಟೂಲ್‌ಗಳನ್ನು ಜೋಡಿಸುವ ಪ್ರೋಟೋಕಾಲ್) ಟೂಲ್ ಮಾಡಿದ್ದೇವೆ. ಟೇಬಲ್ ಹೆಸರು ಕೊಟ್ಟರೆ ಸಾಲುಗಳ ಸಂಖ್ಯೆ, ಗಾತ್ರ, ಇಂಡೆಕ್ಸ್ ಬಳಕೆ, ಕೊನೆಯ ವ್ಯಾಕ್ಯೂಮ್ (ಅಳಿಸಿದ ಸಾಲುಗಳ ಜಾಗ ತೆರವು ಮಾಡುವ ಕೆಲಸ) ಸಮಯ ಎಲ್ಲ ಬರುತ್ತದೆ. ವಿವರಣೆಯಲ್ಲಿ ‘ಟೇಬಲ್‌ನ ಅಂಕಿಅಂಶ ಕೊಡುತ್ತದೆ’ ಎಂದಷ್ಟೇ ಇದೆ. ಪ್ರೈಮರಿ (ಮುಖ್ಯ) ಸರ್ವರ್ ಕೈಕೊಟ್ಟು, ಅದರ ನಕಲಾದ ರೆಪ್ಲಿಕಾಗೆ ಫೇಲ್‌ಓವರ್ ಆದ ಮೇಲೆ ಏಜೆಂಟ್ ‘ಆರ್ಡರ್ಸ್ ಟೇಬಲ್‌ನಲ್ಲಿ 312 ಸಾಲುಗಳಿವೆ’ ಎಂದಿತು; ಅಲ್ಲಿರುವುದು ಒಂದು ಕೋಟಿಗೂ ಹೆಚ್ಚು. ಇನ್ನೊಮ್ಮೆ ತಿಂಗಳ ಕೊನೆಯ ವರದಿಗೆ ಬೇಕಾದ ಇಂಡೆಕ್ಸನ್ನೇ ‘ಬಳಕೆಯಾಗುತ್ತಿಲ್ಲ, ತೆಗೆದುಹಾಕಿ’ ಎಂದು ಸಲಹೆ ಕೊಟ್ಟಿತು. ವಿವರಣೆ ಸರಿಯಾಗಿ ಬರೆದರೆ ಇದು ಸರಿಹೋಗುತ್ತದೆಯೇ? ಎಷ್ಟು ಉದ್ದ ಬರೆಯಬೇಕು? ಕನ್ನಡದಲ್ಲಿ ಬರೆಯಬಹುದೇ?

ಉತ್ತರ: ಬಹುಮಟ್ಟಿಗೆ ಸರಿಹೋಗುತ್ತದೆ. ಆದರೆ ವಿವರಣೆಯ ಜೊತೆಗೆ ಟೂಲ್ ಹಿಂತಿರುಗಿಸುವ ಉತ್ತರದ ರೂಪವನ್ನೂ ಸ್ವಲ್ಪ ಬದಲಿಸಬೇಕಾಗುತ್ತದೆ.

ಎರಡೂ ಸಲ ಏಜೆಂಟ್ ತನ್ನ ಕೈಗೆ ಬಂದ ಸಂಖ್ಯೆಯನ್ನು ಸರಿಯಾಗಿಯೇ ಓದಿದೆ. ಆ ಸಂಖ್ಯೆ ಎಲ್ಲಿಂದ ಬಂತು, ಯಾವತ್ತಿನಿಂದ ಎಣಿಸಿದ್ದು, ಎಷ್ಟು ನಿಖರ, ಅದರಿಂದ ಯಾವ ತೀರ್ಮಾನಕ್ಕೆ ಬರಬಾರದು ಎಂಬುದನ್ನು ಅದಕ್ಕೆ ಯಾರೂ ಹೇಳಿರಲಿಲ್ಲ. ಮಾಡೆಲ್‌ಗೆ ಪೋಸ್ಟ್‌ಗ್ರೆಸ್ ಗೊತ್ತಿಲ್ಲ ಎಂದಲ್ಲ. ಬಿಡಿಸಿ ಕೇಳಿದರೆ ಕ್ಯಾಟಲಾಗ್‌ನ (ಡೇಟಾಬೇಸ್ ತನ್ನ ಟೇಬಲ್‌ಗಳ ಬಗ್ಗೆ ಇಟ್ಟುಕೊಳ್ಳುವ ದಾಖಲೆಯ) ಸಾಲು ಸಂಖ್ಯೆ ಬರೀ ಅಂದಾಜು ಎಂದು ತಾನೇ ಹೇಳೀತು. ಆದರೆ ‘ರೋಸ್: 312’ ಎಂಬ ಫೀಲ್ಡ್ ಮಾತ್ರ ಕಂಡರೆ ಅದು ಯಾವ ವ್ಯೂನ ಯಾವ ಕಾಲಮ್ ಎಂದು ತಿಳಿಯಲು ಅದಕ್ಕೆ ದಾರಿಯಿಲ್ಲ. ಅನುಭವಿ ಡಿಬಿಎ ಆಗಿದ್ದರೆ ಪಕ್ಕದವರನ್ನು ಕೇಳಿಯೋ ಇನ್ನೊಂದು ಕ್ವೆರಿ ಹಾಕಿಯೋ ಖಚಿತಪಡಿಸಿಕೊಳ್ಳುತ್ತಿದ್ದರು. ಏಜೆಂಟ್‌ಗೆ ಇರುವ ಆಧಾರ ನೀವು ಬರೆದ ವಿವರಣೆ ಮತ್ತು ಟೂಲ್ ಕೊಟ್ಟ ಉತ್ತರ, ಇವೆರಡೇ. ಹಾಗಾಗಿ ಮೇಲಿನ ನಾಲ್ಕು ಸಂಗತಿಗಳನ್ನು ಪ್ರತಿ ಸಂಖ್ಯೆಯ ಜೊತೆಗೂ ಅಂಟಿಸುವುದೇ ಇಲ್ಲಿನ ಕೆಲಸ.

(ಕೋಡ್‌ನಲ್ಲಿ ಫೀಲ್ಡ್ ಮತ್ತು ಫಂಕ್ಷನ್ ಹೆಸರುಗಳು ರೋಮನ್ ಲಿಪಿಯಲ್ಲೇ ಇರುತ್ತವೆ. ಇಲ್ಲಿ ಅವನ್ನು ಉಚ್ಚಾರದಂತೆ ಕನ್ನಡದಲ್ಲಿ ಬರೆದಿದೆ.)

ಸಾಲುಗಳ ಸಂಖ್ಯೆ

ಹೆಚ್ಚು ಎಡವುವುದು ಇಲ್ಲೇ. ಪೋಸ್ಟ್‌ಗ್ರೆಸ್‌ನಲ್ಲಿ ಒಂದು ಟೇಬಲ್‌ನ ಸಾಲು ಸಂಖ್ಯೆಗೆ ಮೂರು ಮೂಲಗಳಿವೆ, ಮೂರರ ಸ್ವಭಾವವೂ ಬೇರೆ.

ಮೊದಲನೆಯದು ‘ಪಿಜಿ_ಕ್ಲಾಸ್’ ಕ್ಯಾಟಲಾಗ್‌ನ ‘ರೆಲ್‌ಟಪಲ್ಸ್’. ವ್ಯಾಕ್ಯೂಮ್, ಅನಲೈಜ್ (ಟೇಬಲ್‌ನ ಮಾದರಿ ನೋಡಿ ಅಂಕಿಅಂಶ ಲೆಕ್ಕ ಹಾಕುವುದು), ಇಂಡೆಕ್ಸ್ ಕಟ್ಟುವಿಕೆ ಇಂಥ ಕೆಲಸ ನಡೆದಾಗ ಮಾತ್ರ ಇದು ಬದಲಾಗುತ್ತದೆ. ಕ್ಯಾಟಲಾಗ್‌ನಲ್ಲಿ ಇರುವುದರಿಂದ ರೆಪ್ಲಿಕಾಗೂ ಹೋಗುತ್ತದೆ, ಸರ್ವರ್ ಕ್ರ್ಯಾಶ್ ಆದರೂ ಉಳಿಯುತ್ತದೆ. ಒಮ್ಮೆಯೂ ವ್ಯಾಕ್ಯೂಮ್ ಅಥವಾ ಅನಲೈಜ್ ಆಗದ ಟೇಬಲ್‌ಗೆ 14ನೇ ಆವೃತ್ತಿಯಿಂದ ಇದರ ಬೆಲೆ -1. ಅದಕ್ಕೂ ಹಿಂದೆ 0 ಇರುತ್ತಿತ್ತು, ಅಂದರೆ ಖಾಲಿ ಟೇಬಲ್‌ಗೂ ಲೆಕ್ಕ ಹಾಕದ ಟೇಬಲ್‌ಗೂ ವ್ಯತ್ಯಾಸವೇ ತಿಳಿಯುತ್ತಿರಲಿಲ್ಲ.

ಎರಡನೆಯದು ‘ಪಿಜಿ_ಸ್ಟ್ಯಾಟ್_ಯೂಸರ್_ಟೇಬಲ್ಸ್’ ವ್ಯೂನ ‘ಎನ್_ಲೈವ್_ಟಪ್’. ಇನ್ಸರ್ಟ್, ಡಿಲೀಟ್ ನಡೆದಂತೆ ಇದು ಏರಿಳಿಯುವುದರಿಂದ ಹೆಚ್ಚು ತಾಜಾ ಎನಿಸುತ್ತದೆ. ಆದರೆ ಇದು ಆಯಾ ಸರ್ವರ್‌ನ ಸ್ವಂತ ಎಣಿಕೆ. ರೆಪ್ಲಿಕಾಗೆ ಹೋಗುವುದಿಲ್ಲ. ಸರ್ವರ್ ಸರಿಯಾಗಿ ಮುಚ್ಚದೆ ಬಿದ್ದರೆ ಅಳಿಸಿಹೋಗುತ್ತದೆ. ನಿಮ್ಮ 312ರ ಗುಟ್ಟು ಇದು: ರೆಪ್ಲಿಕಾ ಪ್ರೈಮರಿಯಾದ ಮೇಲೆ ಬಂದ ಹೊಸ ಸಾಲುಗಳು ಅಷ್ಟು. ತಾನಾಗಿ ಸರಿಹೋಗಲು ಬಹಳ ದಿನ ಹಿಡಿಯುತ್ತದೆ, ಏಕೆಂದರೆ ಆಟೋ ಅನಲೈಜ್ ಶುರುವಾಗಲು ಡೀಫಾಲ್ಟ್ ಲೆಕ್ಕದಲ್ಲಿ 50 ಸಾಲು ಮತ್ತು ಟೇಬಲ್‌ನ 10% ಬದಲಾಗಬೇಕು. ಒಂದು ಕೋಟಿ ಸಾಲಿನ ಟೇಬಲ್‌ಗೆ ಅದು 10,00,050 ಬದಲಾವಣೆ. ಫೇಲ್‌ಓವರ್ ಆದ ಕೂಡಲೇ ಇಡೀ ಡೇಟಾಬೇಸ್‌ಗೆ ಕೈಯಾರೆ ಅನಲೈಜ್ ಓಡಿಸಬೇಕೆನ್ನುವುದು ಇದಕ್ಕೇ. ಈ ಕೆಲಸ ಏಜೆಂಟ್‌ನದಲ್ಲ, ನಿಮ್ಮ ಫೇಲ್‌ಓವರ್ ಪಟ್ಟಿಯಲ್ಲಿ ಸೇರಬೇಕಾದದ್ದು.

ಮೂರನೆಯದು ‘ಕೌಂಟ್(*)’. ಇದೊಂದೇ ನಿಖರ. ಆದರೆ ಟೇಬಲನ್ನೋ ಒಂದು ಇಂಡೆಕ್ಸನ್ನೋ ಪೂರ್ತಿ ಓದಬೇಕು, ದೊಡ್ಡ ಟೇಬಲ್‌ನಲ್ಲಿ ನಿಮಿಷಗಟ್ಟಲೆ ಹಿಡಿಯಬಹುದು. ಸ್ಟ್ಯಾಟ್ಸ್ ಟೂಲ್‌ನೊಳಗೆ ಇದನ್ನು ಸೇರಿಸಬೇಡಿ. ಬೇಕಾದರೆ ‘ಎಕ್ಸ್ಯಾಕ್ಟ್_ಕೌಂಟ್’ ಎಂದು ಬೇರೆ ಟೂಲ್ ಮಾಡಿ, ಸಮಯದ ಮಿತಿ ಹಾಕಿ, ಸ್ಟ್ಯಾಟ್ಸ್ ಟೂಲ್‌ನ ವಿವರಣೆಯಲ್ಲಿ ಅದರ ಹೆಸರು ಹೇಳಿ.

ನಿಮ್ಮ ಟೂಲ್ ರೆಲ್‌ಟಪಲ್ಸ್ ಬಳಸಲಿ. ಫೀಲ್ಡ್ ಹೆಸರು ‘ರೋಸ್’ ಬೇಡ, ‘ಎಸ್ಟಿಮೇಟೆಡ್_ರೋಸ್’ ಇರಲಿ. ವಿವರಣೆಯನ್ನು ಮಾಡೆಲ್ ಓದುವುದು ಸಂಭಾಷಣೆಯ ಆರಂಭದಲ್ಲಿ. ಇಪ್ಪತ್ತು ಹೆಜ್ಜೆ ಮುಂದೆ ಹೋದ ಮೇಲೂ ಸಂಖ್ಯೆಯ ಪಕ್ಕದಲ್ಲೇ ಕಾಣುವುದು ಫೀಲ್ಡ್ ಹೆಸರು. ಅಂದಾಜು ಎಂಬ ಎಚ್ಚರಿಕೆ ಹೆಸರಿನಲ್ಲೇ ಇದ್ದರೆ ಅದು ಕಳೆದುಹೋಗುವುದಿಲ್ಲ. ಬೆಲೆ -1 ಬಂದರೆ ಹಾಗೆಯೇ ದಾಟಿಸದೆ ‘ನಲ್’ (ಬೆಲೆ ಇಲ್ಲ) ಮಾಡಿ. -1 ಅನ್ನು ಏಜೆಂಟ್ ಬೇರೆ ಟೇಬಲ್‌ಗಳ ಸಂಖ್ಯೆಯ ಜೊತೆ ಕೂಡಿಸಿಬಿಡುವ ಸಾಧ್ಯತೆ ನಿಜಕ್ಕೂ ಇದೆ. ನಲ್ ಕಂಡರೆ ಒಂದು ಕ್ಷಣ ನಿಲ್ಲುತ್ತದೆ.

ಅಂದಾಜು ಎಷ್ಟು ಹಳೆಯದು ಎಂದು ತಿಳಿಸಲು ಇನ್ನೆರಡು ಫೀಲ್ಡ್ ಬೇಕು. ‘ಲಾಸ್ಟ್_ಅನಲೈಜ್_ಅಟ್’: ಕೈಯಾರೆ ಮಾಡಿದ್ದು, ಆಟೋ ಆಗಿದ್ದು ಎಂದು ವ್ಯೂನಲ್ಲಿ ಎರಡು ಕಾಲಮ್ ಇವೆ, ಏಜೆಂಟ್‌ಗೆ ಎರಡೂ ಬೇಡ, ‘ಗ್ರೇಟೆಸ್ಟ್’ ಹಾಕಿ ಒಂದೇ ಕೊಡಿ. ಪೋಸ್ಟ್‌ಗ್ರೆಸ್‌ನ ಗ್ರೇಟೆಸ್ಟ್ ನಲ್‌ಗಳನ್ನು ಬಿಟ್ಟು ನೋಡುತ್ತದೆ, ಹಾಗಾಗಿ ಒಂದು ಕಾಲಮ್ ಖಾಲಿ ಇದ್ದರೂ ತೊಂದರೆಯಿಲ್ಲ. ಮತ್ತೊಂದು ‘ಮಾಡಿಫೈಡ್_ಸಿನ್ಸ್_ಅನಲೈಜ್’, ಅಂದರೆ ಆಮೇಲೆ ಬದಲಾದ ಸಾಲುಗಳ ಎಣಿಕೆ. ಇವೆರಡೂ ಎನ್_ಲೈವ್_ಟಪ್‌ನಂತೆ ಸರ್ವರ್‌ನ ಸ್ವಂತ ಎಣಿಕೆಗಳ, ಅಂದರೆ ಕೌಂಟರ್‌ಗಳ ಜಾತಿಯವೇ, ಕ್ರ್ಯಾಶ್ ಆದರೆ ಅಳಿಸಿಹೋಗುತ್ತವೆ. ಆದ್ದರಿಂದ ಸಮಯ ನಲ್ ಬಂದರೆ ‘ಯಾವತ್ತೂ ಅನಲೈಜ್ ಆಗಿಲ್ಲ’ ಎಂದು ಅರ್ಥವಲ್ಲ, ‘ಈ ಸರ್ವರ್‌ನ ಈಗಿನ ಎಣಿಕೆಯಲ್ಲಿ ದಾಖಲೆಯಿಲ್ಲ’ ಎಂದು ಅರ್ಥ. ಈ ವಾಕ್ಯವನ್ನು ಫೀಲ್ಡ್ ವಿವರಣೆಯಲ್ಲಿ ಹೀಗೆಯೇ ಹಾಕಿ.

ಗಾತ್ರ

ಗಾತ್ರ ಕೇಳುವ ಫಂಕ್ಷನ್‌ಗಳ ಹೆಸರು ಒಂದರಂತೆ ಒಂದಿವೆ. ‘ಪಿಜಿ_ರಿಲೇಶನ್_ಸೈಜ್’ ಮುಖ್ಯ ಫೈಲನ್ನು ಮಾತ್ರ ಅಳೆಯುತ್ತದೆ. ‘ಪಿಜಿ_ಟೇಬಲ್_ಸೈಜ್’ ಅದಕ್ಕೆ ಟೋಸ್ಟ್ (ದೊಡ್ಡ ಬೆಲೆಗಳನ್ನು ಪ್ರತ್ಯೇಕವಾಗಿ ಇಡುವ) ಭಾಗವನ್ನೂ ಸಣ್ಣಪುಟ್ಟ ನಕ್ಷೆ ಫೈಲುಗಳನ್ನೂ ಸೇರಿಸುತ್ತದೆ, ಇಂಡೆಕ್ಸ್ ಬಿಡುತ್ತದೆ. ‘ಪಿಜಿ_ಇಂಡೆಕ್ಸಸ್_ಸೈಜ್’ ಇಂಡೆಕ್ಸ್ ಮಾತ್ರ. ‘ಪಿಜಿ_ಟೋಟಲ್_ರಿಲೇಶನ್_ಸೈಜ್’ ಎಲ್ಲ ಸೇರಿ. ಸಾಲು ಸುಮಾರು 2 ಕೆಬಿ ಮೀರಿದರೆ ಅದರ ದೊಡ್ಡ ಬೆಲೆಗಳು ಟೋಸ್ಟ್‌ಗೆ ಹೋಗುತ್ತವೆ. ಜೇಸನ್ ಕಾಲಮ್ ತುಂಬಿದ ಟೇಬಲ್‌ನಲ್ಲಿ ಮುಖ್ಯ ಫೈಲ್ ಚಿಕ್ಕದಿದ್ದು ಟೋಸ್ಟ್ ಹಲವು ಪಟ್ಟು ದೊಡ್ಡದಿರುವುದು ಸಾಮಾನ್ಯ. ಮೊದಲನೆಯ ಫಂಕ್ಷನ್ ಬಳಸಿ ‘ಸೈಜ್’ ಎಂದು ಹೆಸರಿಟ್ಟರೆ ಏಜೆಂಟ್ ‘ಡಿಸ್ಕ್ ತುಂಬಿಸುತ್ತಿರುವುದು ಈ ಟೇಬಲ್ ಅಲ್ಲ’ ಎಂದು ದೃಢವಾಗಿ ಹೇಳುತ್ತದೆ, ತಪ್ಪು ಹೇಳುತ್ತದೆ.

‘ಟೋಟಲ್_ಬೈಟ್ಸ್’, ‘ಟೇಬಲ್_ಬೈಟ್ಸ್’, ‘ಇಂಡೆಕ್ಸ್_ಬೈಟ್ಸ್’ ಎಂದು ಮೂರು ಪೂರ್ಣಾಂಕ ಸಾಕು, ಮೊದಲನೆಯದು ಉಳಿದೆರಡರ ಮೊತ್ತ ಎಂದು ಬರೆಯಿರಿ. ‘812 ಎಂಬಿ’, ‘9 ಜಿಬಿ’ ಎಂಬ ಪಠ್ಯವನ್ನು ಕೊಡಬೇಡಿ. ಹಲವು ಟೇಬಲ್‌ಗಳನ್ನು ಹೋಲಿಸುವಾಗ, ಕೂಡಿಸುವಾಗ ಅದರಿಂದ ತಪ್ಪು ಹುಟ್ಟುತ್ತದೆ. ಪೋಸ್ಟ್‌ಗ್ರೆಸ್‌ನ ‘ಪ್ರೆಟಿ’ ಫಂಕ್ಷನ್ 1024ರ ಲೆಕ್ಕ ಹಿಡಿಯುತ್ತದೆ, ಡಿಸ್ಕ್ ಮಾರುವವರು 1000ದ ಲೆಕ್ಕ. ಬೈಟ್ಸ್ ಕೊಟ್ಟರೆ ಆ ಗೊಂದಲವೂ ಇಲ್ಲ.

ಪಾರ್ಟಿಶನ್ ಮಾಡಿದ (ಹಲವು ಚಿಕ್ಕ ಟೇಬಲ್‌ಗಳಾಗಿ ಒಡೆದ) ಟೇಬಲ್ ಇದ್ದರೆ ಅದನ್ನು ಬೇರೆಯಾಗಿ ನೋಡಿಕೊಳ್ಳಲೇಬೇಕು. ತಾಯಿ ಟೇಬಲ್‌ಗೆ ಸ್ವಂತ ಸಂಗ್ರಹ ಇಲ್ಲ, ಹಾಗಾಗಿ ಗಾತ್ರ 0 ಬರುತ್ತದೆ. ಆಟೋವ್ಯಾಕ್ಯೂಮ್ ಅದನ್ನು ಅನಲೈಜ್ ಮಾಡುವುದೂ ಇಲ್ಲ, ಹಾಗಾಗಿ ಕೈಯಾರೆ ಮಾಡದಿದ್ದರೆ ಸಾಲು ಸಂಖ್ಯೆ -1. ಎಲ್ಲಕ್ಕಿಂತ ದೊಡ್ಡ ಟೇಬಲ್ಲೇ ಏಜೆಂಟ್ ಕಣ್ಣಿಗೆ ಖಾಲಿ ಕಾಣುತ್ತದೆ. ‘ಪಿಜಿ_ಪಾರ್ಟಿಶನ್_ಟ್ರೀ’ ಬಳಸಿ ಮಕ್ಕಳೆಲ್ಲರ ಗಾತ್ರ ಕೂಡಿಸಿ, ‘ಇಸ್_ಪಾರ್ಟಿಶನ್ಡ್’ ಮತ್ತು ‘ಪಾರ್ಟಿಶನ್_ಕೌಂಟ್’ ಜೊತೆಗಿಡಿ, ಮೊತ್ತ ಎಲ್ಲ ಪಾರ್ಟಿಶನ್‌ಗಳದ್ದು ಎಂದು ವಿವರಣೆಯಲ್ಲಿ ಹೇಳಿ.

ಗಾತ್ರದ ಜೊತೆ ಬರುವ ಒಂದು ಅಪಾಯಕಾರಿ ತೀರ್ಮಾನವಿದೆ. ಲಕ್ಷಾಂತರ ಸಾಲು ಅಳಿಸಿದರೂ ಗಾತ್ರ ಇಳಿದಿಲ್ಲ, ‘ಡೆಡ್_ರೋಸ್’ (ಅಳಿಸಿದರೂ ಇನ್ನೂ ತೆರವಾಗದ ಸಾಲುಗಳು) ಜಾಸ್ತಿ ಇದೆ ಎಂದು ಕಂಡರೆ ಏಜೆಂಟ್ ‘ವ್ಯಾಕ್ಯೂಮ್ ಫುಲ್ ಓಡಿಸಿ’ ಎನ್ನಲು ಹಿಂಜರಿಯುವುದಿಲ್ಲ. ಮಾಮೂಲಿ ವ್ಯಾಕ್ಯೂಮ್ ಜಾಗವನ್ನು ಮರುಬಳಕೆಗೆ ಗುರುತು ಹಾಕುತ್ತದೆ, ಫೈಲನ್ನು ಕುಗ್ಗಿಸುವುದು ಕೊನೆಯ ಪುಟಗಳು ಪೂರ್ತಿ ಖಾಲಿಯಾಗಿದ್ದರೆ ಮಾತ್ರ. ಗಾತ್ರ ಇಳಿಯದಿರುವುದು ಅಲ್ಲಿ ಸಹಜ. ವ್ಯಾಕ್ಯೂಮ್ ಫುಲ್ ಇಡೀ ಟೇಬಲನ್ನು ಹೊಸದಾಗಿ ಬರೆಯುತ್ತದೆ. ಅಷ್ಟು ಹೊತ್ತು ಓದಲೂ ಆಗದಂತೆ ಲಾಕ್ ಹಿಡಿಯುತ್ತದೆ, ಹೊಸ ಪ್ರತಿಗೆ ಬೇಕಾದಷ್ಟು ಹೆಚ್ಚುವರಿ ಡಿಸ್ಕ್ ಕೇಳುತ್ತದೆ. ಡಿಸ್ಕ್ ತುಂಬಿದ ಸರ್ವರ್‌ನಲ್ಲಿ ಇದು ಗಾಯದ ಮೇಲೆ ಬರೆ. ‘ಈ ಟೂಲ್‌ನ ಸಂಖ್ಯೆಗಳನ್ನು ಮಾತ್ರ ನೋಡಿ ವ್ಯಾಕ್ಯೂಮ್ ಫುಲ್ ಸೂಚಿಸಬೇಡಿ’ ಎಂದು ಒಂದು ವಾಕ್ಯ ಖಂಡಿತ ಹಾಕಿ.

ಇಂಡೆಕ್ಸ್ ಬಳಕೆ

ಇಂಡೆಕ್ಸ್ ಸ್ಕ್ಯಾನ್ ಎಣಿಕೆಗೆ ಅರ್ಥ ಬರುವುದು ಎಣಿಕೆ ಶುರುವಾದ ದಿನ ಗೊತ್ತಿದ್ದಾಗ. ಅದು ಗೊತ್ತಿಲ್ಲದೆ 0 ನೋಡಿ ತೀರ್ಮಾನಿಸುವುದು, ಬೈಕಿನ ಟ್ರಿಪ್ ಮೀಟರ್ ನೋಡಿ ಬೈಕ್ ಎಷ್ಟು ಹಳೆಯದು ಎಂದು ಹೇಳಿದ ಹಾಗೆ. ‘ಪಿಜಿ_ಸ್ಟ್ಯಾಟ್_ಡೇಟಾಬೇಸ್’ ವ್ಯೂನ ‘ಸ್ಟ್ಯಾಟ್ಸ್_ರಿಸೆಟ್’ ಬೆಲೆಯನ್ನು ‘ಕೌಂಟರ್ಸ್_ಸಿನ್ಸ್’ ಎಂದು ಪ್ರತಿ ಉತ್ತರದಲ್ಲೂ ಕೊಡಿ. ಅದು ನಲ್ ಆಗಿದ್ದರೆ ‘ಎಂದಿನಿಂದ ಎಂದು ಗೊತ್ತಿಲ್ಲ’ ಎಂದೇ ಬರೆಯಿರಿ, ‘ಮೊದಲಿನಿಂದ’ ಎಂದಲ್ಲ. 16ನೇ ಆವೃತ್ತಿಯಲ್ಲಿ ಇಂಡೆಕ್ಸ್ ಕೊನೆಗೆ ಬಳಕೆಯಾದ ಸಮಯವೂ ಸಿಗುತ್ತದೆ, ‘ಲಾಸ್ಟ್_ಐಡಿಎಕ್ಸ್_ಸ್ಕ್ಯಾನ್’. ನಿಮ್ಮದು 16 ಇರುವುದರಿಂದ ಅದನ್ನೂ ಸೇರಿಸಿ.

ಇನ್ನೆರಡು ಕಾರಣಕ್ಕೆ 0 ಎಂಬುದು ‘ಬೇಡ’ ಎಂದಾಗುವುದಿಲ್ಲ. ರೆಪ್ಲಿಕಾದಲ್ಲಿ ಓಡುವ ವರದಿಗಳ ಬಳಕೆ ಪ್ರೈಮರಿಯ ಎಣಿಕೆಗೆ ಸೇರುವುದಿಲ್ಲ, ಆದರೆ ಇಂಡೆಕ್ಸ್ ತೆಗೆದರೆ ಎರಡೂ ಕಡೆ ಹೋಗುತ್ತದೆ. ಎರಡನೆಯದಾಗಿ, ಯೂನಿಕ್ ಇಂಡೆಕ್ಸ್ ಪ್ರತಿ ಇನ್ಸರ್ಟ್‌ನಲ್ಲೂ ನಕಲು ಬೆಲೆಗಳನ್ನು ತಡೆಯುತ್ತಿರುತ್ತದೆ, ಆ ತಪಾಸಣೆಯನ್ನು ಸ್ಕ್ಯಾನ್ ಎಂದು ಎಣಿಸುವುದಿಲ್ಲ. ಆದ್ದರಿಂದ ಪ್ರತಿ ಇಂಡೆಕ್ಸ್‌ನ ಜೊತೆ ‘ಇಸ್_ಯೂನಿಕ್’, ‘ಇಸ್_ಪ್ರೈಮರಿ’ ಎಂಬ ಎರಡು ಗುರುತು ಕೊಡಿ, ಉತ್ತರದಲ್ಲಿ ಒಂದೇ ಸಲ ‘ಸರ್ವರ್_ರೋಲ್’ ಎಂದು ಇದು ಪ್ರೈಮರಿಯೋ ರೆಪ್ಲಿಕಾವೋ ತಿಳಿಸಿ. ‘ಪಿಜಿ_ಇಸ್_ಇನ್_ರಿಕವರಿ’ ಅದನ್ನು ಹೇಳುತ್ತದೆ.

ಕಾಲಮ್ ಮಟ್ಟದ ಅಂಕಿಅಂಶವನ್ನು ಬೇರೆ ಟೂಲ್ ಮಾಡಿ

‘ಪಿಜಿ_ಸ್ಟ್ಯಾಟ್ಸ್’ ವ್ಯೂ ಕೂಡ ಇದರಲ್ಲೇ ಇರಲಿ ಎನಿಸುತ್ತದೆ, ಬೇಡ. ಅದರ ‘ಮೋಸ್ಟ್_ಕಾಮನ್_ವ್ಯಾಲ್ಸ್’ ಮತ್ತು ‘ಹಿಸ್ಟೋಗ್ರಾಂ_ಬೌಂಡ್ಸ್’ ಕಾಲಮ್‌ಗಳಲ್ಲಿ ಟೇಬಲ್‌ನ ನಿಜವಾದ ಬೆಲೆಗಳಿರುತ್ತವೆ: ಗ್ರಾಹಕರ ಹೆಸರು, ಮೊಬೈಲ್ ನಂಬರ್, ವಿಳಾಸ. ಅಂಕಿಅಂಶ ಕೇಳಿದ ಏಜೆಂಟ್‌ನ ಸಂಭಾಷಣೆಗೆ, ಅಲ್ಲಿಂದ ಲಾಗ್‌ಗೆ ಅವು ಹೋಗುತ್ತವೆ. ಇನ್ನೊಂದು ತೊಂದರೆ, ಬಳಕೆದಾರರು ತುಂಬಿದ ಪಠ್ಯದಲ್ಲಿ ಯಾರಾದರೂ ಮಾಡೆಲ್‌ಗೆ ಆದೇಶದಂತೆ ಕಾಣುವ ವಾಕ್ಯ ಬರೆದಿಟ್ಟಿದ್ದರೆ ಅದೂ ಟೂಲ್‌ನ ಉತ್ತರದ ವೇಷದಲ್ಲಿ ಒಳಗೆ ಬರುತ್ತದೆ.

ಬೆಲೆಗಳನ್ನು ಬಿಟ್ಟು ನಲ್ ಪ್ರಮಾಣ, ಸರಾಸರಿ ಅಗಲ, ಭಿನ್ನ ಬೆಲೆಗಳ ಸಂಖ್ಯೆ ಇಷ್ಟನ್ನು ಕೊಡಬಹುದು. ಕೊಡುವುದಾದರೆ ‘ಎನ್_ಡಿಸ್ಟಿಂಕ್ಟ್’ ಅನ್ನು ಹಾಗೆಯೇ ಕೊಡಬೇಡಿ. ಅದು ಧನ ಇದ್ದರೆ ಭಿನ್ನ ಬೆಲೆಗಳ ಅಂದಾಜು ಸಂಖ್ಯೆ. ಋಣ ಇದ್ದರೆ ಸಾಲುಗಳ ಪ್ರಮಾಣ. -1 ಎಂದರೆ ಪ್ರತಿ ಸಾಲಿನಲ್ಲೂ ಬೇರೆ ಬೆಲೆ, -0.5 ಎಂದರೆ ಸರಾಸರಿ ಪ್ರತಿ ಬೆಲೆ ಎರಡು ಸಲ. ಋಣವಿದ್ದರೆ ಸಾಲು ಅಂದಾಜಿನಿಂದ ಗುಣಿಸಿ ‘ಎಸ್ಟಿಮೇಟೆಡ್_ಡಿಸ್ಟಿಂಕ್ಟ್’ ಮಾಡಿ ಕೊಡಿ. ಲೆಕ್ಕವನ್ನು ಕೋಡ್ ಮಾಡಲಿ. ಸೂತ್ರವನ್ನು ವಿವರಣೆಯಲ್ಲಿ ಬರೆದು ಮಾಡೆಲ್ ಕೈಯಲ್ಲಿ ಮಾಡಿಸುವುದು ಎರಡು ಸಲ ಸೋಲುವ ದಾರಿ. ಈ ಅಂದಾಜಿಗೆ ಅಂಕಿಅಂಶದ ಗುರಿ (ಸ್ಟ್ಯಾಟಿಸ್ಟಿಕ್ಸ್ ಟಾರ್ಗೆಟ್) ಡೀಫಾಲ್ಟ್ ಆದ 100 ಇದ್ದಾಗ ಪೋಸ್ಟ್‌ಗ್ರೆಸ್ ನೋಡುವುದು ಅದರ 300 ಪಟ್ಟು, ಅಂದರೆ 30,000 ಸಾಲಿನ ಮಾದರಿಯನ್ನು. ಕೋಟಿ ಸಾಲಿನ ಟೇಬಲ್‌ನಲ್ಲಿ ಭಿನ್ನ ಬೆಲೆಗಳ ಅಂದಾಜು ಬಹಳ ಕಡಿಮೆ ಬರುವುದು ಇದಕ್ಕೇ.

ವಿವರಣೆ ಹೇಗಿರಬೇಕು

ಎಂಸಿಪಿಯಲ್ಲಿ ಬರೆಯುವ ಜಾಗ ನಾಲ್ಕು: ಟೂಲ್‌ನ ವಿವರಣೆ, ಇನ್‌ಪುಟ್ ಸ್ಕೀಮಾದ ಪ್ರತಿ ಪ್ಯಾರಾಮೀಟರ್‌ನ ವಿವರಣೆ, 2025ರ ಜೂನ್ ಆವೃತ್ತಿಯಲ್ಲಿ ಸೇರಿದ ಔಟ್‌ಪುಟ್ ಸ್ಕೀಮಾ, ಮತ್ತು ಉತ್ತರವೇ. ಔಟ್‌ಪುಟ್ ಸ್ಕೀಮಾದಲ್ಲಿ ಫೀಲ್ಡ್‌ಗಳ ವಿವರ ಚೆನ್ನಾಗಿ ಬರೆಯಿರಿ, ಆದರೆ ಅದನ್ನೇ ನಂಬಬೇಡಿ. ಎಲ್ಲ ಕ್ಲೈಂಟ್‌ಗಳೂ ಅದನ್ನು ಮಾಡೆಲ್‌ವರೆಗೆ ತಲುಪಿಸುವುದಿಲ್ಲ. ಖಚಿತವಾಗಿ ತಲುಪುವುದು ಹೆಸರು, ವಿವರಣೆ, ಇನ್‌ಪುಟ್ ಸ್ಕೀಮಾ. ಆದ್ದರಿಂದ ಯಾವತ್ತೂ ನಿಜವಾದ ಎಚ್ಚರಿಕೆ ವಿವರಣೆಯಲ್ಲಿ, ಇವತ್ತು ಈ ಟೇಬಲ್‌ಗೆ ಮಾತ್ರ ನಿಜವಾದ ಎಚ್ಚರಿಕೆ ಉತ್ತರದ ‘ವಾರ್ನಿಂಗ್ಸ್’ ಪಟ್ಟಿಯಲ್ಲಿ ಇರಲಿ.

ನಿಮ್ಮ ಟೂಲ್‌ಗೆ ಈ ಅಳತೆಯ ಪಠ್ಯ ಸಾಕು:

‘ಒಂದು ಪೋಸ್ಟ್‌ಗ್ರೆಸ್ ಟೇಬಲ್‌ನ ಗಾತ್ರ, ಅಂದಾಜು ಸಾಲು ಸಂಖ್ಯೆ, ಇಂಡೆಕ್ಸ್ ಬಳಕೆ, ವ್ಯಾಕ್ಯೂಮ್ ಸ್ಥಿತಿಯನ್ನು ಸರ್ವರ್‌ನ ಕ್ಯಾಟಲಾಗ್‌ನಿಂದ ಓದುತ್ತದೆ. ಟೇಬಲ್‌ನೊಳಗಿನ ಡೇಟಾ ಓದುವುದಿಲ್ಲ, ಏನನ್ನೂ ಬದಲಿಸುವುದಿಲ್ಲ. ಟೇಬಲ್ ಎಷ್ಟು ದೊಡ್ಡದು, ಕ್ವೆರಿ ಓಡಿಸುವ ಮೊದಲು ಮಿತಿ ಹಾಕಬೇಕೇ, ಅಂಕಿಅಂಶ ಹಳೆಯದಾಗಿದೆಯೇ ಎಂದು ತಿಳಿಯಲು ಬಳಸಿ. ನಿಖರ ಸಂಖ್ಯೆ ಬೇಕಿದ್ದರೆ ಎಕ್ಸ್ಯಾಕ್ಟ್_ಕೌಂಟ್, ಕಾಲಮ್ ಹೆಸರು ಬೇಕಿದ್ದರೆ ಡಿಸ್ಕ್ರೈಬ್_ಟೇಬಲ್ ಬಳಸಿ. ಎಸ್ಟಿಮೇಟೆಡ್_ರೋಸ್ ಕೊನೆಯ ಅನಲೈಜ್ ಹೊತ್ತಿನ ಅಂದಾಜು. ಬಳಕೆದಾರರಿಗೆ ಹೇಳುವಾಗ ‘ಸುಮಾರು’ ಎಂದೇ ಹೇಳಿ. ನಲ್ ಎಂದರೆ ಗೊತ್ತಿಲ್ಲ, ಸೊನ್ನೆಯಲ್ಲ. ಸ್ಕ್ಯಾನ್ ಎಣಿಕೆಗಳು ಕೌಂಟರ್ಸ್_ಸಿನ್ಸ್ ಸಮಯದಿಂದ, ಈ ಒಂದು ಸರ್ವರ್‌ನಲ್ಲಿ ಆದವು ಮಾತ್ರ; ಎಣಿಕೆ 0 ಇದೆ ಎಂಬ ಕಾರಣಕ್ಕೆ ಇಂಡೆಕ್ಸ್ ತೆಗೆಯಲು ಸೂಚಿಸಬೇಡಿ. ಈ ಸಂಖ್ಯೆಗಳನ್ನು ಮಾತ್ರ ನೋಡಿ ವ್ಯಾಕ್ಯೂಮ್ ಫುಲ್ ಸೂಚಿಸಬೇಡಿ. ವಾರ್ನಿಂಗ್ಸ್ ಖಾಲಿ ಇಲ್ಲದಿದ್ದರೆ ಅದರ ಸಾರವನ್ನು ಉತ್ತರದಲ್ಲಿ ಸೇರಿಸಿ.’

ಇದಕ್ಕಿಂತ ಬಹಳ ಉದ್ದ ಬೇಡ. ಟೂಲ್ ಬಳಸಲಿ ಬಿಡಲಿ, ಈ ಪಠ್ಯ ಪ್ರತಿ ಸಂಭಾಷಣೆಯಲ್ಲೂ ಮಾಡೆಲ್‌ನ ಸಂದರ್ಭದಲ್ಲಿ ಜಾಗ ಹಿಡಿಯುತ್ತದೆ. ಇಪ್ಪತ್ತು ಟೂಲ್‌ಗಳ ಸರ್ವರ್‌ನಲ್ಲಿ ಪ್ರತಿಯೊಂದೂ ಎರಡು ಪುಟವಾದರೆ ಯಾವುದನ್ನು ಯಾವಾಗ ಕರೆಯಬೇಕೆಂಬುದೇ ಮಸುಕಾಗುತ್ತದೆ. ಆದರೆ ‘ಯಾವಾಗ ಬೇರೆ ಟೂಲ್ ಬಳಸಬೇಕು’ ಎಂಬ ವಾಕ್ಯವನ್ನು ಉಳಿತಾಯಕ್ಕೆಂದು ಕತ್ತರಿಸಬೇಡಿ, ತಪ್ಪು ಟೂಲ್ ಕರೆಯುವುದನ್ನು ತಡೆಯುವುದು ಬಹುಮಟ್ಟಿಗೆ ಅದೇ.

ನಿಮ್ಮ ಫೇಲ್‌ಓವರ್ ಸಂದರ್ಭದಲ್ಲಿ ವಾರ್ನಿಂಗ್ಸ್‌ನಲ್ಲಿ ಬರಬೇಕಾಗಿದ್ದ ವಾಕ್ಯ ಹೀಗಿರುತ್ತಿತ್ತು: ‘ಈ ಸರ್ವರ್‌ನಲ್ಲಿ ಆರ್ಡರ್ಸ್ ಟೇಬಲ್‌ಗೆ ಅನಲೈಜ್ ದಾಖಲೆ ಇಲ್ಲ, ಡೆಡ್_ರೋಸ್ ಮತ್ತು ಸ್ಕ್ಯಾನ್ ಎಣಿಕೆಗಳು ಅಪೂರ್ಣ ಇರಬಹುದು.’ ಕೋಡ್‌ನಲ್ಲಿ ಷರತ್ತು ಸರಳ: ರೆಲ್‌ಟಪಲ್ಸ್ ದೊಡ್ಡದು, ಲಾಸ್ಟ್_ಅನಲೈಜ್_ಅಟ್ ನಲ್. ಹಾಗೆಯೇ ಮಾಡಿಫೈಡ್_ಸಿನ್ಸ್_ಅನಲೈಜ್ ಸಾಲು ಅಂದಾಜಿನ 10% ದಾಟಿದ್ದರೆ ಒಂದು, ರೆಪ್ಲಿಕಾದಲ್ಲಿ ಓಡುತ್ತಿದ್ದರೆ ಒಂದು, ಪಾರ್ಟಿಶನ್ ತಾಯಿ ಟೇಬಲ್‌ಗೆ ಒಂದು. ಷರತ್ತು ಇಲ್ಲದಾಗ ಪಟ್ಟಿ ಖಾಲಿಯಿರಲಿ. ಪ್ರತಿ ಸಲವೂ ಅದೇ ಎಚ್ಚರಿಕೆ ಕಂಡರೆ ಮಾಡೆಲ್ ಅದನ್ನು ಗಮನಕ್ಕೆ ತೆಗೆದುಕೊಳ್ಳುವುದು ಕಡಿಮೆಯಾಗುತ್ತದೆ.

ಪ್ಯಾರಾಮೀಟರ್ ವಿಷಯದಲ್ಲಿ ‘ಸ್ಕೀಮಾ’ (ಇಲ್ಲಿ ಡೇಟಾಬೇಸ್‌ನೊಳಗಿನ ಟೇಬಲ್‌ಗಳ ಗುಂಪು) ಮತ್ತು ‘ಟೇಬಲ್’ ಎರಡನ್ನೂ ಬೇರೆಬೇರೆಯಾಗಿ, ಕಡ್ಡಾಯವಾಗಿ ಕೇಳಿ. ಒಂದೇ ಹೆಸರಿನ ಟೇಬಲ್ ಎರಡು ಸ್ಕೀಮಾದಲ್ಲಿದ್ದರೆ ಸರ್ಚ್ ಪಾತ್ (ಸ್ಕೀಮಾಗಳನ್ನು ಹುಡುಕುವ ಕ್ರಮ) ಯಾವುದನ್ನೋ ಆರಿಸಿಬಿಡುತ್ತದೆ, ಏಜೆಂಟ್‌ಗೆ ಸುಳಿವೂ ಸಿಗುವುದಿಲ್ಲ. ಉದ್ಧರಣ ಚಿಹ್ನೆ ಇಲ್ಲದ ಹೆಸರನ್ನು ಪೋಸ್ಟ್‌ಗ್ರೆಸ್ ಸಣ್ಣ ಅಕ್ಷರಕ್ಕೆ ಇಳಿಸುತ್ತದೆ ಎಂಬುದು ಗೊತ್ತೇ ಇದೆ. ನೀವು ಕ್ಯಾಟಲಾಗ್‌ನಲ್ಲಿ ಹೆಸರನ್ನು ಹಾಗೇ ಹೋಲಿಸುತ್ತಿದ್ದರೆ ‘ಕ್ಯಾಟಲಾಗ್‌ನಲ್ಲಿರುವಂತೆಯೇ, ಉದ್ಧರಣ ಚಿಹ್ನೆ ಇಲ್ಲದೆ ಕೊಡಿ’ ಎಂದು ಒಂದು ಉದಾಹರಣೆಯ ಸಮೇತ ಬರೆಯಿರಿ. ಬಂದ ಹೆಸರನ್ನು ಎಸ್‌ಕ್ಯೂಎಲ್ ಪಠ್ಯಕ್ಕೆ ಅಂಟಿಸದೆ ಬೈಂಡ್ ಪ್ಯಾರಾಮೀಟರ್ ಆಗಿಯೇ ಕಳಿಸಿ.

ತಪ್ಪಾದಾಗ ಏನು ಹೇಳಬೇಕು

ಎರರ್ ಸಂದೇಶವೂ ದಾಖಲೆಯೇ, ಏಜೆಂಟ್ ಅತಿ ಗಮನದಿಂದ ಓದುವ ಭಾಗ ಅದು. ಟೇಬಲ್ ಸಿಗದಿದ್ದರೆ ಪ್ರೋಟೋಕಾಲ್ ಎರರ್ ಎಸೆಯಬೇಡಿ. ಫಲಿತಾಂಶದಲ್ಲಿ ‘ಇಸ್‌ಎರರ್’ ನಿಜ ಎಂದು ಹಾಕಿ ಪಠ್ಯ ಕೊಡಿ, ಆಗಲೇ ಮಾಡೆಲ್ ಅದನ್ನು ನೋಡಿ ತಿದ್ದಿಕೊಳ್ಳಲು ಸಾಧ್ಯ: ‘ಸೇಲ್ಸ್ ಸ್ಕೀಮಾದಲ್ಲಿ ಆರ್ಡರ್ ಎಂಬ ಟೇಬಲ್ ಇಲ್ಲ. ಹತ್ತಿರದ ಹೆಸರು: ಆರ್ಡರ್ಸ್. ಪಟ್ಟಿಗೆ ಲಿಸ್ಟ್_ಟೇಬಲ್ಸ್ ಬಳಸಿ.’ ಟೇಬಲ್ ಇಲ್ಲ ಎಂಬುದೂ ಅನುಮತಿ ಇಲ್ಲ ಎಂಬುದೂ ಬೇರೆ ಸಂದೇಶಗಳಾಗಿರಲಿ. ಅನುಮತಿ ಇಲ್ಲದಾಗ ಮತ್ತೆ ಪ್ರಯತ್ನಿಸಿ ಫಲವಿಲ್ಲ ಎಂದೂ ಅದರಲ್ಲೇ ಹೇಳಿ.

ಕಾಣದಂತೆ ಕಾಡುವುದು ಲಾಕ್. ಗಾತ್ರ ಅಳೆಯುವ ಫಂಕ್ಷನ್‌ಗಳು ಟೇಬಲ್ ಮೇಲೆ ‘ಆಕ್ಸೆಸ್ ಶೇರ್’ ಲಾಕ್ ತೆಗೆದುಕೊಳ್ಳುತ್ತವೆ. ಅದೇ ಹೊತ್ತಿಗೆ ಆಲ್ಟರ್ ಟೇಬಲ್, ಟ್ರಂಕೇಟ್ ಅಥವಾ ವ್ಯಾಕ್ಯೂಮ್ ಫುಲ್ ನಡೆಯುತ್ತಿದ್ದರೆ ಟೂಲ್ ಸುಮ್ಮನೆ ಕಾಯುತ್ತಾ ಕೂರುತ್ತದೆ, ಏಜೆಂಟ್ ಟೈಮ್‌ಔಟ್ ಆಗಿ ಮತ್ತೆ ಕರೆಯುತ್ತದೆ, ಕನೆಕ್ಷನ್‌ಗಳು ಸಾಲುಗಟ್ಟುತ್ತವೆ. ಸೆಷನ್‌ಗೆ ‘ಲಾಕ್_ಟೈಮ್‌ಔಟ್’ 2 ಸೆಕೆಂಡ್, ‘ಸ್ಟೇಟ್‌ಮೆಂಟ್_ಟೈಮ್‌ಔಟ್’ 5 ಸೆಕೆಂಡ್ ಇಟ್ಟು, ‘ಟೇಬಲ್ ಲಾಕ್ ಆಗಿದೆ, 30 ಸೆಕೆಂಡ್ ನಂತರ ಒಂದೇ ಸಲ ಪ್ರಯತ್ನಿಸಿ, ಆಗಲೂ ಆಗದಿದ್ದರೆ ಬಳಕೆದಾರರಿಗೆ ತಿಳಿಸಿ’ ಎಂದು ಕೊಡಿ. ‘ಸ್ವಲ್ಪ ಹೊತ್ತು ಬಿಟ್ಟು’ ಎಂದರೆ ಸಾಲದು. ಇನ್ನು, ಟೂಲ್ ಒಂದೇ ಟ್ರಾನ್ಸಾಕ್ಷನ್ ತೆರೆದಿಟ್ಟುಕೊಂಡು ಎಲ್ಲ ಕರೆಗಳನ್ನೂ ಅದರಲ್ಲೇ ನಡೆಸಬಾರದು. ಟ್ರಾನ್ಸಾಕ್ಷನ್‌ನೊಳಗೆ ಒಮ್ಮೆ ಓದಿದ ಕೌಂಟರ್‌ಗಳನ್ನು ಪೋಸ್ಟ್‌ಗ್ರೆಸ್ ಡೀಫಾಲ್ಟ್ ಆಗಿ ಹಿಡಿದಿಟ್ಟುಕೊಳ್ಳುತ್ತದೆ; ಏಜೆಂಟ್ ಎಷ್ಟು ಸಲ ಕೇಳಿದರೂ ಅದೇ ಸಂಖ್ಯೆ ಬಂದು ‘ಏನೂ ಬದಲಾಗಿಲ್ಲ’ ಎಂದು ನಂಬುತ್ತದೆ.

ಟೂಲ್‌ನ ಸ್ವಭಾವವನ್ನು ಕ್ಲೈಂಟ್‌ಗೆ ತಿಳಿಸುವ ಎಂಸಿಪಿ ಗುರುತುಗಳಲ್ಲಿ ‘ರೀಡ್‌ಓನ್ಲಿಹಿಂಟ್’ ನಿಜ, ‘ಓಪನ್‌ವರ್ಲ್ಡ್‌ಹಿಂಟ್’ ಸುಳ್ಳು ಎಂದು ಹಾಕಿ. ಹಾಕದಿದ್ದರೆ ಡೀಫಾಲ್ಟ್ ಲೆಕ್ಕದಲ್ಲಿ ಟೂಲ್ ಬದಲಾವಣೆ ಮಾಡಬಲ್ಲದು, ಹಾನಿಯನ್ನೂ ಮಾಡಬಲ್ಲದು ಎಂದು ಕ್ಲೈಂಟ್ ಭಾವಿಸಿ ಪ್ರತಿ ಸಲ ಅನುಮತಿ ಕೇಳಬಹುದು. ಆದರೆ ಇವು ಸುಳಿವುಗಳೇ ಹೊರತು ರಕ್ಷಣೆಯಲ್ಲ. ರಕ್ಷಣೆ ಟೂಲ್ ಬಳಸುವ ಡೇಟಾಬೇಸ್ ರೋಲ್‌ನಲ್ಲಿ (ಖಾತೆಯಲ್ಲಿ) ಇರಬೇಕು. ಮೇಲೆ ಹೇಳಿದ ಗಾತ್ರ, ಕೌಂಟರ್, ರೆಲ್‌ಟಪಲ್ಸ್ ಯಾವುದಕ್ಕೂ ಟೇಬಲ್ ಮೇಲೆ ಸೆಲೆಕ್ಟ್ ಹಕ್ಕೇ ಬೇಡ. ಕನೆಕ್ಟ್ ಆಗಬಲ್ಲ, ಬೇರೆ ಯಾವ ಹಕ್ಕೂ ಇಲ್ಲದ ರೋಲ್ ಸಾಕು. ‘ಡೇಟಾ ಓದುವುದಿಲ್ಲ’ ಎಂಬ ವಿವರಣೆಯ ಮಾತನ್ನು ಡೇಟಾಬೇಸೇ ಆಗ ಖಾತ್ರಿ ಮಾಡುತ್ತದೆ.

ಕನ್ನಡವೋ ಇಂಗ್ಲಿಷೋ

ಈಗಿನ ದೊಡ್ಡ ಮಾಡೆಲ್‌ಗಳು ಕನ್ನಡದ ವಿವರಣೆಯನ್ನು ಅರ್ಥ ಮಾಡಿಕೊಳ್ಳುತ್ತವೆ, ಬರೆಯಬಹುದು. ಆದರೆ ಅದೇ ಮಾತಿಗೆ ಕನ್ನಡದಲ್ಲಿ ಸಾಮಾನ್ಯವಾಗಿ ಹೆಚ್ಚು ಟೋಕನ್ (ಮಾಡೆಲ್ ಪಠ್ಯವನ್ನು ಒಡೆದು ಓದುವ ತುಣುಕು) ಖರ್ಚಾಗುತ್ತದೆ, ಫೀಲ್ಡ್ ಹೆಸರುಗಳು ಹೇಗೂ ಇಂಗ್ಲಿಷ್. ಟೂಲ್ ಬಹಳ ಇದ್ದರೆ ವಿವರಣೆ ಇಂಗ್ಲಿಷ್‌ನಲ್ಲಿರಲಿ, ಬಳಕೆದಾರರು ಕನ್ನಡದಲ್ಲಿ ಕೇಳಲಿ. ಒಂದೇ ವಿವರಣೆಯಲ್ಲಿ ಅರ್ಧ ಅದು ಅರ್ಧ ಇದು ಬೇಡ. ನಿಮ್ಮ ಬಳಕೆದಾರರು ‘ಎಷ್ಟು ಎಂಟ್ರಿ ಇದೆ’, ‘ಎಷ್ಟು ದಾಖಲೆ’, ‘ಎಷ್ಟು ರೆಕಾರ್ಡು’ ಎಂದೆಲ್ಲ ಕೇಳುತ್ತಾರೆ. ಈ ಮಾತುಗಳನ್ನು ಪರೀಕ್ಷೆಯ ಪ್ರಶ್ನೆಗಳಲ್ಲಿ ಸೇರಿಸಿ. ಸಂಖ್ಯೆಯಲ್ಲಿ ಅಲ್ಪವಿರಾಮ ಹಾಕಬೇಡಿ, ಲಕ್ಷ-ಕೋಟಿ ಲೆಕ್ಕದಲ್ಲಿ ತೋರಿಸಬೇಕೆಂದರೆ ಏಜೆಂಟ್‌ನ ಸೂಚನೆಯಲ್ಲಿ ಹೇಳಿ. ಸಮಯವನ್ನು +05:30 ಎಂಬ ಅಂತರ ಸಮೇತ ಕೊಡಿ. ಸರ್ವರ್ ಯುಟಿಸಿಯಲ್ಲಿದ್ದು ಅಂತರ ಬರೆಯದಿದ್ದರೆ ರಾತ್ರಿ 2ರ ಅನಲೈಜ್ ಹಿಂದಿನ ದಿನದ ರಾತ್ರಿ 8:30ರದ್ದಾಗಿ ಕಾಣುತ್ತದೆ.

ಮುಂದೆ ಮೈಎಸ್‌ಕ್ಯೂಎಲ್‌ಗೂ ಇದೇ ಟೂಲ್ ಮಾಡುವುದಾದರೆ ವಿವರಣೆಯನ್ನು ನಕಲು ಮಾಡಬೇಡಿ. ಅಲ್ಲಿ ಇನ್ನೋಡಿಬಿ ಎಂಬ ಸಂಗ್ರಹ ಎಂಜಿನ್‌ನ ‘ಟೇಬಲ್_ರೋಸ್’ ನಿಜ ಸಂಖ್ಯೆಗಿಂತ 40ರಿಂದ 50% ವರೆಗೆ ಆಚೀಚೆ ಇರಬಹುದು ಎಂದು ಅದರ ಕೈಪಿಡಿಯೇ ಹೇಳುತ್ತದೆ. 8.0ರಲ್ಲಿ ಆ ಬೆಲೆಯನ್ನು ಡೀಫಾಲ್ಟ್ ಆಗಿ 86,400 ಸೆಕೆಂಡ್, ಅಂದರೆ ಒಂದು ದಿನ ಕ್ಯಾಶ್‌ನಲ್ಲಿ ಇಟ್ಟುಕೊಂಡಿರುತ್ತದೆ.

ಬರೆದದ್ದನ್ನು ಪರೀಕ್ಷಿಸುವುದು

ಓದಿ ನೋಡಿ ‘ಚೆನ್ನಾಗಿದೆ’ ಎಂದರೆ ಸಾಲದು. ಟೂಲ್‌ನ ಜಾಗದಲ್ಲಿ ಸಿದ್ಧ ಉತ್ತರಗಳನ್ನು ಕೊಡುವ ನಕಲಿ ಸರ್ವರ್ ಇಟ್ಟು, ಏಜೆಂಟ್‌ಗೆ ನಿಜವಾದ ಪ್ರಶ್ನೆ ಕೇಳಿ. ಎಸ್ಟಿಮೇಟೆಡ್_ರೋಸ್ ನಲ್ ಕೊಟ್ಟು ‘ಟೇಬಲ್ ಖಾಲಿ ಇದೆಯಾ?’ ಎಂದು ಕೇಳಿದರೆ ‘ಗೊತ್ತಿಲ್ಲ’ ಎನ್ನಬೇಕು ಅಥವಾ ಎಕ್ಸ್ಯಾಕ್ಟ್_ಕೌಂಟ್ ಕರೆಯಬೇಕು. ಮೂರು ದಿನದ ಹಿಂದಿನ ಕೌಂಟರ್ಸ್_ಸಿನ್ಸ್ ಜೊತೆ 0 ಸ್ಕ್ಯಾನ್ ಕೊಟ್ಟು ‘ಯಾವ ಇಂಡೆಕ್ಸ್ ತೆಗೆಯಬಹುದು?’ ಎಂದರೆ ಮೂರು ದಿನದ ಮಿತಿಯನ್ನು ಬಾಯಿಬಿಟ್ಟು ಹೇಳಬೇಕು. ‘ಬಾಕಿ ಇರುವ ಆರ್ಡರ್ ಎಷ್ಟು?’ ಎಂದರೆ ಈ ಟೂಲನ್ನು ಕರೆಯಲೇಬಾರದು. ಪ್ರತಿಯೊಂದನ್ನೂ ಹಲವು ಸಲ ಓಡಿಸಿ, ಮಾಡೆಲ್ ಒಂದು ಸಲ ಸರಿ ಉತ್ತರ ಕೊಟ್ಟರೆ ಅದು ಸಾಬೀತಲ್ಲ. ತಪ್ಪಿದರೆ ಮೊದಲು ಫೀಲ್ಡ್ ಹೆಸರು ತಿದ್ದಿ, ಆಮೇಲೆ ವಾರ್ನಿಂಗ್ಸ್, ಕೊನೆಗೆ ವಿವರಣೆಗೆ ವಾಕ್ಯ ಸೇರಿಸಿ.

ವಿವರಣೆ ಟೂಲ್‌ನ ಕೋಡ್ ಇರುವ ಫೈಲಿನಲ್ಲೇ ಇರಲಿ, ಬೇರೆ ವಿಕಿಯಲ್ಲಿ ಬೇಡ. ಉತ್ತರದಲ್ಲಿ ಇರುವ ಪ್ರತಿ ಫೀಲ್ಡ್‌ಗೂ ಔಟ್‌ಪುಟ್ ಸ್ಕೀಮಾದಲ್ಲಿ ವಿವರ ಇದೆಯೇ ಎಂದು ನೋಡುವ ಒಂದು ಸಣ್ಣ ಟೆಸ್ಟ್ ಬರೆದು ಬಿಲ್ಡ್‌ಗೆ ಸೇರಿಸಿ. ಯಾರಾದರೂ ಹೊಸ ಕಾಲಮ್ ಸೇರಿಸಿ ವಿವರ ಮರೆತರೆ ಬಿಲ್ಡ್ ಅಲ್ಲಿಯೇ ನಿಲ್ಲಲಿ. ಪೋಸ್ಟ್‌ಗ್ರೆಸ್ ಆವೃತ್ತಿ ಬದಲಿಸುವಾಗ ಇದನ್ನು ಮತ್ತೆ ಓದಬೇಕು. 18ಕ್ಕಿಂತ ಹಿಂದಿನ ಆವೃತ್ತಿಗೆ ಪಿಜಿ_ಅಪ್‌ಗ್ರೇಡ್ ಮಾಡಿದರೆ ಪ್ಲಾನರ್ (ಕ್ವೆರಿ ಓಡಿಸುವ ದಾರಿ ಆರಿಸುವ ಭಾಗ) ಬಳಸುವ ಅಂಕಿಅಂಶ ಹೊಸದಕ್ಕೆ ಬರುವುದಿಲ್ಲ, ಅನಲೈಜ್ ಮುಗಿಯುವವರೆಗೆ ಎಲ್ಲ ಟೇಬಲ್‌ನ ಸಾಲು ಅಂದಾಜೂ ನಲ್ ಆಗಿರುತ್ತದೆ. 18ರಲ್ಲಿ ಪ್ಲಾನರ್‌ನದು ಬರುತ್ತದೆ, ಆದರೆ ಕೌಂಟರ್‌ಗಳು ಅಲ್ಲೂ ಸೊನ್ನೆಯಿಂದಲೇ ಶುರು.